ಹಾರುವ ಹಕ್ಕಿಗೆ ಸಾಕ್ಷಿ

ಹೃಷೀಕೇಶನ ಕ್ಯಾಮೆರಾದಲ್ಲಿ ಹಕ್ಕಿಗಳು ಬಾಲದಿಂದ ಶುರುವಾಗಿ ಬಾಲದಲ್ಲೇ ಮುಗಿಯುತ್ತಿದ್ದವು. ಅದೃಷ್ಟ ಖುಲಾಯಿಸಿದ ದಿನ ಅರ್ಧ ರೆಕ್ಕೆ ಸಿಗುತ್ತಿತ್ತು. ಇಲ್ಲದ ದಿನ ಬರೀ ಆಕಾಶ. ಬೆಳಗಾವಿಯ ಶಹಾಪುರದ ಅವನ ಮನೆಯ ಗೋಡೆಯ ಮೇಲೆ ‘ಹಾರುತ್ತಿರುವ ಸೂರಕ್ಕಿ’ ಎಂಬ ಹೆಸರಿನ, ಚೌಕಟ್ಟು ಹಾಕಿಸಿದ ಫೋಟೋ ಒಂದಿತ್ತು; ಅದರಲ್ಲಿದ್ದದ್ದು ಯಾರದೋ ಹೊಲ, ಮೇಲೆ ಬರೀ ಆಕಾಶ. ಬಂದ ನೆಂಟರು ಅದರ ಗಾಜು ಒರೆಸಿ ಮತ್ತೊಮ್ಮೆ ನೋಡಿ, ಚಹಾ ಕುಡಿದು ಹೋಗುತ್ತಿದ್ದರು.

ಆ ದಿನ ಬೆಳಿಗ್ಗೆ ಹೆಂಡತಿ ಶರ್ವರಿ ಉಪ್ಪಿಟ್ಟಿನ ತಟ್ಟೆಯ ಜೊತೆಗೇ ತೀರ್ಪನ್ನೂ ತಂದಿಟ್ಟಳು.

“ಬಾಜೂಮನಿ ಕೃಷ್ಣಾಜಿ ಕಾಕಾನ ಪ್ರದರ್ಶನಕ್ಕ ಫೋಟೋ ಕೊಡೂದು ಇವತ್ತ ಸಂಜಿ ತನಕ ಅಷ್ಟ. ತಲಿ, ಬಾಲ, ರೆಕ್ಕಿ ಎಲ್ಲಾ ಇರೋ ಒಂದರ ಹಕ್ಕಿ ಅಲ್ಲಿ ಗ್ವಾಡಿ ಏರಿದ್ರ ಕ್ಯಾಮೆರಾ ನಿಮ್ದು. ಇಲ್ಲಂದ್ರ ನನ್ನ ತಮ್ಮ ಸುಮಿತಗ ಕೊಡೂದು. ಅವಾ ಮದುವಿ ಫೋಟೋ ತಗೀತಾನ. ಮದುಮಕ್ಕಳು ಹಾರಿಹೋಗಂಗಿಲ್ಲ.”

ಹೃಷೀಕೇಶ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿದ. ಆ ಕ್ಯಾಮೆರಾ ಅವನ ಜೀವ. ಆಫೀಸಿನಲ್ಲಿ ವಿಮಾ ಕಂತುಗಳ ನಡುವೆ ಕೂತಿದ್ದಾಗಲೂ ಅವನ ತೋರುಬೆರಳು ಮೇಜಿನ ಅಂಚಿನಲ್ಲಿ ಗುಂಡಿ ಒತ್ತುತ್ತಿರುತ್ತಿತ್ತು. ಅವನು ಕೂಡಲೇ ಮ್ಯಾನೇಜರ್ ಪ್ರಮಿಳಾ ಮೇಡಂಗೆ ಫೋನ್ ಮಾಡಿ, “ಹೊಟ್ಟಿ ಭಾಳ ಕೆಟ್ಟೈತ್ರಿ ಮೇಡಂ, ಏಳಾಕ ಆಗವಲ್ದು” ಎಂದು ನರಳಿದ. ಫೋನ್ ಇಟ್ಟವನೇ ಒಂದೇ ನೆಗೆತಕ್ಕೆ ಸ್ಕೂಟರ್ ಹತ್ತಿದ.

ಗೇಟಿನ ಬಳಿ ಕೃಷ್ಣಾಜಿ ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಅಡ್ಡ ನಿಂತಿದ್ದರು. ಪ್ರದರ್ಶನ ನಡೆಸುವ ಫೋಟೋ ಸಂಘಕ್ಕೆ ಅವರೇ ಅಧ್ಯಕ್ಷರು, ಅವರೇ ತೀರ್ಪುಗಾರರು. ಓಣಿಯವರ ಪಾಲಿಗೆ ಕೇಳದೆಯೇ ಸಿಗುವ ಸಲಹೆಗಾರರೂ ಅವರೇ.

“ಹೃಷೀ, ಈ ವರ್ಷ ಒಂದು ಹೊಸಾ ಕಾಯ್ದೆ ಮಾಡೇವಿ, ಕೇಳಿ ಹೋಗು…”

“ಸಂಜಿಗೆ ಹೇಳ್ರಿ ಕಾಕಾ!” ಎಂದು ಹೃಷೀಕೇಶ ನೊರೆ ಸಿಡಿಯುವ ಮೊದಲೇ ಪಾರಾದ. ಕಾಕಾನ ಸಲಹೆಗೆ ನಿಂತವರು ಮಧ್ಯಾಹ್ನದ ಊಟಕ್ಕೆ ಮನೆ ಮುಟ್ಟಿದ ದಾಖಲೆ ಇರಲಿಲ್ಲ.

ಮಚ್ಛೆ ಎಂಬ ಹಳ್ಳಿ ದಾಟಿ, ಖಾನಾಪುರದ ಹತ್ತಿರ ಹೊಲಗಳ ನಡುವಿನ ಒಂದು ಕರೆಂಟ್ ತಂತಿಯ ಮೇಲೆ ಅವನಿಗೆ ಬೇಕಾದದ್ದು ಕೂತಿತ್ತು: ಕಳ್ಳಿಪೀರ. ಗುಬ್ಬಿಗಿಂತ ಕೊಂಚ ಉದ್ದದ ಹಸಿರು ಹಕ್ಕಿ. ತಂತಿಯಿಂದ ಚಿಮ್ಮಿ, ಗಾಳಿಯಲ್ಲೇ ಹುಳ ಹಿಡಿದು, ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಹೃಷೀಕೇಶ ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ಊರಿ, ಕ್ಯಾಮೆರಾ ಏರಿಸಿ, ಒಂದು ಕಣ್ಣು ಮುಚ್ಚಿದ. ಹಕ್ಕಿ ಹಾರಿತು. ಗುಂಡಿ ಒತ್ತಿದ. ತಂತಿ ಬಂತು, ಹಕ್ಕಿ ಬರಲಿಲ್ಲ. ಮತ್ತೆ ಹಾರಿತು, ಮತ್ತೆ ಒತ್ತಿದ. ಬಾವಿ ಬಂತು. ಇನ್ನೊಮ್ಮೆ ಕಬ್ಬು ಬಂತು. ಕ್ಯಾಮೆರಾ ಒಂದೇ ಒತ್ತಿಗೆ ಗಿರ್ರನೆ ಹತ್ತಾರು ಚಿತ್ರ ತೆಗೆಯುವಂಥದು. ಹಾಗಾಗಿ ಹೊತ್ತು ನೆತ್ತಿಗೇರುವಷ್ಟರಲ್ಲಿ ಆ ಹೊಲದ ಒಂದು ಹುಲ್ಲುಕಡ್ಡಿಯೂ ಮೆಮೊರಿ ಕಾರ್ಡಿನಿಂದ ತಪ್ಪಿಸಿಕೊಂಡಿರಲಿಲ್ಲ.

ಹಾರುವ ಮುಂಚೆ ಹಕ್ಕಿ ಹೊಟ್ಟೆ ಹಗುರ ಮಾಡಿಕೊಳ್ಳುತ್ತದೆ, ಅದೇ ಸೂಚನೆ ಎಂದು ಅವನು ಎಲ್ಲೋ ಕೇಳಿದ್ದ. ಇನ್ನಷ್ಟು ಹತ್ತಿರ ಹೋಗಿ, ಸರಿಯಾಗಿ ತಂತಿಯ ಕೆಳಗೆ ನಿಂತು, ಮುಖ ಮೇಲೆತ್ತಿ ಕಾದ. ಸೂಚನೆ ಅವನ ಹಣೆಯ ಮೇಲೇ ಬಿತ್ತು. ಒರೆಸಿಕೊಳ್ಳದೆ ಗುಂಡಿ ಒತ್ತಿಹಿಡಿದ.

ಪರದೆಯ ಮೇಲೆ ನೋಡಿದರೆ ಹಕ್ಕಿ ಇತ್ತು! ಎರಡೂ ರೆಕ್ಕೆ ಬಿಚ್ಚಿ, ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ ಕಚ್ಚಿ, ಕಣ್ಣು ಕುಂಕುಮದ ಚುಕ್ಕೆಯಂತೆ ಹೊಳೆಯುತ್ತಿತ್ತು. ಹೃಷೀಕೇಶನಿಗೆ ಸಂತೋಷದಿಂದ ಅಳುವೇ ಬಂತು.

“ಯಾವ ಇಲಾಖೀದಂವಪಾ ನೀ?”

ತಿರುಗಿ ನೋಡಿದರೆ ಕುಡುಗೋಲು ಹಿಡಿದ ಮಾಯಕ್ಕ. ಹೊಲದ ಒಡತಿ. ಅವಳ ಹಿಂದೆ ಅವಳ ಭಾವ ನಾಗಲಿಂಗ, ಅವನ ಹಿಂದೆ ಅರ್ಧ ಊರು. ಆ ಕಡೆ ಹೊಸ ರಸ್ತೆ ಬರುತ್ತದೆಂಬ ಗಾಳಿಸುದ್ದಿ ಹಬ್ಬಿದಾಗಿನಿಂದ, ಮೂರು ಕಾಲಿನ ಸ್ಟ್ಯಾಂಡ್ ಊರಿ ಒಂದು ಕಣ್ಣು ಮುಚ್ಚಿ ನೋಡುವವನು ಸರ್ವೇದವನೇ ಎಂಬುದು ಅಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿತ್ತು.

“ನಾ ಸರ್ವೇದಂವ ಅಲ್ರೀ! ಹಕ್ಕಿ ಫೋಟೋ ತಗಿಯಾಕ ಬಂದೀನಿ. ಬೇಕಾರ ನೋಡ್ರಿ” ಎಂದು ಹೃಷೀಕೇಶ ಕ್ಯಾಮೆರಾ ಮುಂದೆ ಹಿಡಿದ. ಅದೇ ತಪ್ಪಾಯಿತು. ನಾಗಲಿಂಗ ಮೊದಲ ಚಿತ್ರದಿಂದ ನೋಡುತ್ತ ಬಂದ.

“ಇದು ನಮ್ಮ ಬದು. ಇದು ನಮ್ಮ ಬಾಂವಿ. ಇದು ನಮ್ಮ ಗಡಿಕಲ್ಲು. ಹಕ್ಕಿ ಎಲ್ಲಿ ಐತಿ?”

“ಈಗಷ್ಟ ಹಾರಿತ್ತು.”

“ಇದರಾಗ?”

“ಇನ್ನೂ ಬಂದಿರಲಿಲ್ಲ.”

“ಹೊಲದ್ದು ಇಂಚಿಂಚೂ ಅಳತಿ ತಗೊಂಡಾನ!” ಎಂದು ಯಾರೋ ಕೂಗಿದರು. ಮಾಯಕ್ಕನ ಕುಡುಗೋಲು ಒಂದು ಗೇಣು ಮೇಲೆದ್ದಿತು.

ಹೃಷೀಕೇಶ ಸರಸರ ಸರಿಸಿ ಕೊನೆಯ ಚಿತ್ರ ತೋರಿಸಿದ. ಮಾಯಕ್ಕ ನೋಡಿದಳು. ಕುಡುಗೋಲು ಇಳಿಯಿತು.

“ಅಯ್ಯ ಶಿವನ, ಏನ್ ಚಂದ ಬಂದೈತಿ! ದಿನಾ ನಮ್ಮ ತಲಿಮ್ಯಾಲೆ ಹಾರಾಡತೈತಿ, ಹಿಂಗ ಯಾವತ್ತೂ ನೋಡಿರಲಿಲ್ಲ ನಾ.” ಅವಳು ಅವನ ಹಣೆಯನ್ನೂ ನೋಡಿದಳು. “ಪಾಪ, ಖರೇನ ಹಕ್ಕಿ ಹಿಂದ ಬಂದಾನ ಇಂವ.”

“ಹಕ್ಕಿ ಇರಲಿ” ಎಂದ ನಾಗಲಿಂಗ. “ಹೊಲದ್ದು ಒಂದೂ ಉಳೀಬಾರದು. ಎಲ್ಲಾ ಅಳಸ್ರಿ.”

ಹೃಷೀಕೇಶನಿಗೆ ಇದಕ್ಕಿಂತ ಬೇರೆ ಸುಖ ಬೇಕೆ? ಖಾಲಿ ತಂತಿ, ಖಾಲಿ ಆಕಾಶ, ಓಡಿಹೋದ ಬಾಲ, ತನ್ನ ಮಾನ ಕಳೆಯುವ ಸಮಸ್ತವನ್ನೂ ಅವರೆದುರೇ ಅಳಿಸಿಹಾಕಿದ. ಕಾರ್ಡಿನಲ್ಲಿ ಕಳ್ಳಿಪೀರವೊಂದೇ ರಾಜನಂತೆ ಉಳಿಯಿತು.

ಮಾಯಕ್ಕ ಮಜ್ಜಿಗೆ ಕೊಟ್ಟಳು. ಮೊಮ್ಮಗಳಿಗೆ ತೋರಿಸಲು ಫೋಟೋ ಬೇಕೆಂದು ತನ್ನ ಫೋನ್ ನಂಬರ್ ಕೊಟ್ಟು, ಅವನ ಹೆಸರು, ನಂಬರನ್ನೂ ಬರೆಸಿಕೊಂಡಳು. ಹೊರಡುವಾಗ ಹೃಷೀಕೇಶನಿಗೆ ಪ್ರಮಿಳಾ ಮೇಡಂ ನೆನಪಾದರು.

“ಮಾಯಕ್ಕಾ, ಆಫೀಸಿಗೆ ಸುಳ್ಳ್ ಹೇಳಿ ಬಂದೀನಿ. ಬೆಳಗಾವಿಯಿಂದ ಯಾರರ ಕೇಳಿದ್ರ ನಾ ಇಲ್ಲಿ ಬಂದಿದ್ದೆ ಅನಬ್ಯಾಡ್ರಿ.”

“ನಾಲಿಗಿ ಕೊಯ್ದ್ರೂ ಹೇಳೂದಿಲ್ಲ” ಎಂದಳು ಮಾಯಕ್ಕ.

ಸಂಜೆ ಬೆಳಗಾವಿ ಕೋಟೆಯ ಬಾಜುವಿನ, ಪ್ರದರ್ಶನದ ಸಭಾಭವನಕ್ಕೆ ಶರ್ವರಿ ಆಗಲೇ ಬಂದಿದ್ದಳು. ಸುಮಿತನೂ ಬಂದಿದ್ದ, ಹೆಗಲಿಗೆ ಖಾಲಿ ಕ್ಯಾಮೆರಾ ಚೀಲ ಹಾಕಿಕೊಂಡು. ಹೃಷೀಕೇಶ ಎದೆ ಉಬ್ಬಿಸಿ ಪರದೆ ತೋರಿಸಿದ. ಕೃಷ್ಣಾಜಿ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

“ಭಾರೀ ಐತಿ. ಇದರ ಹಿಂದ ಮುಂದ ತಗದದ್ದು ತೋರಸು.”

“ಅಂದ್ರ?”

“ಅದನ್ನ ಮುಂಜಾನೆ ಹೇಳಾಕ ಬಂದಿದ್ದೆ, ನೀ ನಿಂದರಲಿಲ್ಲ. ಹೋದ ವರ್ಷ ಒಬ್ಬಾಂವ ಕಂಪ್ಯೂಟರಿನ್ಯಾಗ ಹಕ್ಕಿ ಮಾಡಿ ತಂದಿದ್ದ. ಅದಕ್ಕ ಈ ವರ್ಷ ಹಕ್ಕಿ ಬರೂ ಮುಂಚಿನ ಖಾಲಿ ಫೋಟೋ, ಹೋದ ಮ್ಯಾಲಿನ ಖಾಲಿ ಫೋಟೋ ಎರಡೂ ಬೇಕು. ನಿನ್ನ ಕಡೆ ಖಾಲಿ ಫೋಟೋಕ್ಕೇನ್ ಬರಗಾಲ?”

ಹೃಷೀಕೇಶ ಕ್ಯಾಮೆರಾದ ಪರದೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದ; ಕಳ್ಳಿಪೀರ ಬಿಟ್ಟು ಬೇರೇನೂ ಬರಲಿಲ್ಲ. ಹುಟ್ಟಿದಾಗಿನಿಂದ ಖಾಲಿ ಫೋಟೋ ತೆಗೆದವನು, ಬೇಕಾದ ದಿನ ಒಂದನ್ನೂ ಉಳಿಸಿಕೊಂಡಿರಲಿಲ್ಲ.

“ಅಳಸೀನಿ ಕಾಕಾ. ಊರವರು ಅಳಸಂದ್ರು.”

“ಮೂರು ವರ್ಷ ನಿನ್ನ ಫೋಟೋ ನೋಡೀನಿ ಹೃಷೀ. ಒಂದ ದಿನದಾಗ ಇಂಥಾದ್ದು? ನೀನ ಹೇಳವಾ ಶರ್ವರಿ, ಇದು ಇವನ ಕೈಲೆ ಆಗೂ ಕೆಲಸೇನು?”

ಶರ್ವರಿ ಗಂಡನನ್ನು ನೋಡಿದಳು, ಹಕ್ಕಿಯನ್ನು ನೋಡಿದಳು. ಸುಳ್ಳು ಹೇಳಿ ಅವಳಿಗೆ ರೂಢಿ ಇರಲಿಲ್ಲ.

“ಆಗೂದಿಲ್ಲರಿ ಕಾಕಾ.”

“ಸಾಕ್ಷಿ ಐತಿ!” ಎಂದು ಹೃಷೀಕೇಶ ಕೂಗಿದ. “ಖಾನಾಪುರದ ಮಾಯಕ್ಕ ಕಣ್ಣಾರೆ ನೋಡ್ಯಾಳ. ಫೋನ್ ಹಚ್ಚಿ ಕೇಳ್ರಿ!”

ಕೃಷ್ಣಾಜಿ ತಮ್ಮ ಫೋನಿನಿಂದಲೇ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದು, ಅಧ್ಯಕ್ಷರ ಗತ್ತಿನಲ್ಲಿ ಕೇಳಿದರು: “ಬೆಳಗಾವಿಯಿಂದ ಮಾತಾಡಾಕತ್ತೀವಿ. ಹೃಷೀಕೇಶ ಅನ್ನಾವ್ರು ಇವತ್ತ ನಿಮ್ಮ ಹೊಲಕ್ಕ ಬಂದಿದ್ರೇನ್ರಿ?”

“ಯಾವ ಹೃಷೀಕೇಶ? ಯಾವ ಕ್ಯಾಮೆರಾ? ಇಲ್ಲಿ ನರಮನಿಷ್ಯಾರು ಯಾರೂ ಬಂದಿಲ್ರೀ! ದೇವರಾಣಿ!” ಎಂದು ಮಾಯಕ್ಕನ ಕಂಚಿನ ಕಂಠ ಇಡೀ ಭವನಕ್ಕೆ ಕೇಳಿಸಿತು. ಹೃಷೀಕೇಶ ಫೋನಿಗೆ ಕೈಚಾಚುವಷ್ಟರಲ್ಲಿ ಲೈನ್ ಕಡಿಯಿತು. ಕೃಷ್ಣಾಜಿ ಮತ್ತೆ ಮತ್ತೆ ಹಚ್ಚಿದರೂ ಅವಳು ಎತ್ತಲಿಲ್ಲ; ಹೃಷೀಕೇಶನ ಫೋನಿನಿಂದ ಹಚ್ಚಲು ಅವರು ಒಪ್ಪಲಿಲ್ಲ.

ಸುಮಿತ ಭಾವನ ಕುತ್ತಿಗೆಯಿಂದ ಕ್ಯಾಮೆರಾ ಬಿಡಿಸಿ ಚೀಲಕ್ಕೆ ಹಾಕಿಕೊಂಡ.

ಮನೆಗೆ ಬಂದು ಹೃಷೀಕೇಶ ಗೋಡೆಗೆ ಮುಖ ಮಾಡಿ ಕೂತಿದ್ದಾಗ ಅವನ ಫೋನ್ ರಿಂಗಾಯಿತು. ಮಾಯಕ್ಕ ಪಿಸುಗುಟ್ಟುತ್ತಿದ್ದಳು.

“ಸಾಹೇಬ್ರ, ನಿಮ್ಮ ಆಫೀಸಿನವರು ಬೆನ್ನ ಹತ್ತ್ಯಾರ! ಒಂದ ಸಮ ಫೋನ್ ಮಾಡಿದ್ರು. ನಾ ಬಾಯಿ ಬಿಡಲಿಲ್ಲ. ಏನೂ ಫಿಕರ್ ಮಾಡಬ್ಯಾಡ್ರಿ. ಆ ಹಕ್ಕಿ ಫೋಟೋ ಕಳಸ್ರಿ ಈಗ, ಮೊಮ್ಮಗಳು ಊಟ ಬಿಟ್ಟು ಕುಂತಾಳ.”

ಅವನು ದಡಬಡಿಸಿ ಪಡಸಾಲೆಗೆ ಓಡಿದ. ಸುಮಿತ ಕ್ಯಾಮೆರಾ ಒರೆಸುತ್ತ ಕೂತಿದ್ದ.

“ಕಾರ್ಡ್ ಪೂರಾ ಸ್ವಚ್ಛ ಮಾಡೀನಿ ಭಾವಜಿ, ನಾಳೆ ಮದುವಿ ಐತಲ್ಲ. ಒಂದ ಹಕ್ಕಿ ಇತ್ತು. ಹೆಂಗೂ ಖೊಟ್ಟಿ ಅಂದ್ರಲ್ಲ ಅಂತ ತಗದೆ.”

ಹೃಷೀಕೇಶ ಕ್ಯಾಮೆರಾ ಕಿತ್ತುಕೊಂಡು ನೋಡಿದ; ಪರದೆ ಖಾಲಿ. ಮಗು ಊಟ ಬಿಟ್ಟು ಕೂತಿದೆಯಲ್ಲ. ಕೊನೆಗೆ ಗೋಡೆಯ ಮೇಲಿನ ‘ಹಾರುತ್ತಿರುವ ಸೂರಕ್ಕಿ’ಯನ್ನೇ ಮೊಬೈಲಿನಲ್ಲಿ ಹಿಡಿದು ಮಾಯಕ್ಕನಿಗೆ ಕಳಿಸಿದ.

ಉತ್ತರ ತಕ್ಷಣ ಬಂತು, ನಾಗಲಿಂಗನ ದನಿಯಲ್ಲಿ.

“ಇದು ಯಾರ ಹೊಲಾ ಅಳದು ಬಂದೀರಿ ಸಾಹೇಬ್ರ?”