ಸರಿಯಾಗಿ ನೂರು ತೋರಿಸಿದ ಕಡ್ಡಿ

ತೀರಾ ಓರಣವಾಗಿರುವ ನೆನಪುಗಳನ್ನು ನಾನು ನಂಬುವುದಿಲ್ಲ. ನಮ್ಮ ತಾತ ಹೊಗೆಯ ವಾಸನೆಯಿಂದಲೇ ಮಾಂಸದ ಹದ ಹೇಳುತ್ತಿದ್ದರಂತೆ. ಉದ್ದನಪಲ್ಲಿಯ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಅವರು ಅರೆಬೆಂದದ್ದನ್ನು ಬಡಿಸಿದ ದಿನಗಳೂ ಇದ್ದಿರಬೇಕು, ಅವು ಮಾತ್ರ ಯಾರಿಗೂ ನೆನಪಿಲ್ಲ. ನನಗೆ ಬೇಕಾದದ್ದು ಅಳತೆ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಗೇಜುಗಳನ್ನು ಪರೀಕ್ಷಿಸುವುದೇ ನನ್ನ ಕೆಲಸ. ಪರೀಕ್ಷಿಸದ ಗೇಜನ್ನು ನಾನು ಕೈಯಿಂದಲೂ ಮುಟ್ಟುವವನಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಹಾಗಾಗಿ, ಮಗಳು ಶಿಲ್ಪಾಳ ಮದುವೆಯಾದ ಮೇಲೆ ಬೀಗರು ಮೊದಲ ಸಲ ಬಾಡೂಟಕ್ಕೆ ಬರುತ್ತಾರೆಂದಾಗ, ಇಡೀ ಕುರಿತೊಡೆಯನ್ನು ಎಣ್ಣೆ ಡ್ರಮ್ಮಿನೊಳಗೆ ಮಾವಿನ ಕಟ್ಟಿಗೆಯ ಹೊಗೆಯಲ್ಲಿ ಬೇಯಿಸುತ್ತೇನೆಂದು ಸಾರಿಬಿಟ್ಟೆ. ಡ್ರಮ್ಮನ್ನು ಕತ್ತರಿಸಿ ಬೆಸುಗೆ ಹಾಕಿದವನೂ ನಾನೇ.

"ಪ್ರಯೋಗ ಮಾಡಕ್ಕೆ ಬೀಗರೇ ಸಿಕ್ಕಿದ್ರಾ?" ಎಂದಳು ಹೆಂಡತಿ ಚೌಡಮ್ಮ. "ಊಟ ಕೆಟ್ರೆ ಮಗಳು ಅಲ್ಲಿ ವರ್ಸಾನುಗಟ್ಲೆ ಮಾತು ಕೇಳ್ಬೇಕು. ನಾನೊಂದು ಪಾತ್ರೆ ಮಸಾಲೆ ಸಾರು ಕಾಸಿಟ್ಟಿರ್ತೀನಿ."

ಆ ಸಾರು ನನ್ನ ಮೇಲಿನ ಅವಿಶ್ವಾಸ ನಿರ್ಣಯ. ಅದಕ್ಕೆ ಉತ್ತರವಾಗಿ ಮೂರು ವೈರ್‌ಲೆಸ್ ಥರ್ಮಾಮೀಟರ್ ತರಿಸಿದೆ. ಕಡ್ಡಿಯನ್ನು ಮಾಂಸಕ್ಕೆ ಚುಚ್ಚಿ ಮುಚ್ಚಳ ಹಾಕಿದರೆ ಒಳಗಿನ ಬಿಸಿ ಮೊಬೈಲಿನಲ್ಲಿ ಕಾಣುತ್ತದೆ. ಮೂರನ್ನೂ ಒಟ್ಟಿಗೇ ಕುದಿಯುವ ನೀರಿಗೆ ಇಳಿಬಿಟ್ಟೆ. ಎರಡು ಕಡ್ಡಿಗಳು ತೊಂಬತ್ತೇಳು ಎಂದು ತೊದಲಿದವು. ಮೂರನೆಯದು ಮಾತ್ರ ಅಳುಕದೆ ಸರಿಯಾಗಿ ನೂರು ಎಂದಿತು! ಸುಳ್ಳು ಹೇಳಿದ ಎರಡನ್ನೂ ಕಟುವಾದ ಟಿಪ್ಪಣಿ ಬರೆದು ವಾಪಸು ಕಳಿಸಿದೆ.

ಬೀಗರು ಬಂದರು. ಹೊಗೆ ಸುತ್ತುತ್ತಿತ್ತು, ಮೊಬೈಲಿನಲ್ಲಿ ಅಂಕಿ ಏರುತ್ತಿತ್ತು, ನಾನು ಅದನ್ನು ಕ್ರಿಕೆಟ್ ಸ್ಕೋರಿನಂತೆ ಕೂಗಿ ಹೇಳುತ್ತಿದ್ದೆ. ನಡುನಡುವೆ, ತೊಂಬತ್ತೇಳು ಎಂದ ಎರಡನ್ನು ವಾಪಸು ಕಳಿಸಿದ ಕತೆಯನ್ನೂ ಎಲ್ಲರಿಗೂ ಹೇಳಿದೆ. ನಾನು ಗೊತ್ತು ಮಾಡಿಕೊಂಡಿದ್ದ ಅಂಕಿ ಬಂದೊಡನೆ ಮುಚ್ಚಳ ತೆಗೆದೆ. ಚೌಡಮ್ಮ ಬೆರಳಲ್ಲಿ ಒತ್ತಿ ನೋಡಿ, "ಇನ್ನೂ ವಸಿ ಬೇಯ್ಬೇಕು" ಎಂದಳು.

"ಬೆರಳು ದೊಡ್ಡದೋ, ಯಂತ್ರ ದೊಡ್ಡದೋ?" ಎಂದು ಎಲೆಗೆ ಬಡಿಸಿಯೇಬಿಟ್ಟೆ.

ಬೀಗರು ಅಗಿದರು. ಅಗಿಯುತ್ತಲೇ ಇದ್ದರು. ಕೊನೆಗೆ, "ರುಚಿ ಚೆನ್ನಾಗೈತೆ ಬೀಗರೇ, ಹಲ್ಲು ನಂದಲ್ಲ, ಕಟ್ಟಿಸ್ಕೊಂಡಿರೋದು" ಎಂದರು.

ಶಿಲ್ಪಾ ನನ್ನ ಕಿವಿಯ ಹತ್ತಿರ ಬಂದಳು. "ಅಪ್ಪಾ, ನಮ್ಮೂರಾಗೆ ಸಮುದ್ರ ಐತಾ?"

"ಇಲ್ಲ."

"ನೀರು ಸರಿಯಾಗಿ ನೂರಕ್ಕೆ ಕುದಿಯೋದು ಸಮುದ್ರದ ಮಟ್ಟದಾಗೆ. ನಾವು ಅಷ್ಟು ಎತ್ತರದಾಗಿದ್ದೀವಿ, ಇಲ್ಲಿ ತೊಂಬತ್ತೇಳಕ್ಕೇ ಕುದೀತದೆ. ನಿಜ ಹೇಳ್ದವನ್ನ ವಾಪಸ್ ಕಳಿಸ್ಬುಟ್ಟು, ಮೂರು ಡಿಗ್ರಿ ಜಾಸ್ತಿ ಸುಳ್ಳು ಹೇಳೋದನ್ನ ಇಟ್ಕೊಂಡಿದ್ದೀಯಲ್ಲಪ್ಪಾ!"

ಅಷ್ಟರಲ್ಲಿ ಚೌಡಮ್ಮ ತೊಡೆಯನ್ನು ಎತ್ತಿಕೊಂಡು ಹೋಗಿ, ತುಂಡು ಮಾಡಿ, ಕುದಿಯುವ ಸಾರಿಗೆ ಹಾಕಿಯಾಗಿತ್ತು. ಮುದ್ದೆಯ ಜೊತೆ ಆ ಹೊಗೆಸಾರನ್ನು ಬೀಗರು ಮತ್ತೆ ಮತ್ತೆ ಹಾಕಿಸಿಕೊಂಡರು. "ಇಂಥಾ ಸಾರು ನಮ್ಮ ಕಡೆ ಯಾರೂ ಮಾಡಲ್ಲ ಬುಡಿ" ಎಂದು ಮೀಸೆ ಒರೆಸಿಕೊಂಡರು. ಸೊಸೆಯ ಕಡೆ ತಿರುಗಿ, "ನಿಮ್ಮಪ್ಪ ಭಾರೀ ಆಸಾಮಿ ಕಣಮ್ಮಾ" ಎಂದರು. ಶಿಲ್ಪಾ ನಗುತ್ತಾ ತಲೆಯಾಡಿಸಿದಳು. ನನ್ನ ಎದೆ ಡ್ರಮ್ಮಿನಷ್ಟು ಅಗಲವಾಯಿತು.

ಈಗ ಊರಿನವರು ಹೊಗೆಸಾರಿನ ಗುಟ್ಟು ಕೇಳಿಕೊಂಡು ಬರುತ್ತಾರೆ. ಮಾಂಸವನ್ನು ಬೇಕೆಂದೇ ವಸಿ ಮುಂಚೆ ಇಳಿಸಿ, ಉಳಿದ ಹದವನ್ನು ಸಾರಿಗೆ ಬಿಡುವುದು ಮೊದಲಿನಿಂದಲೂ ನನ್ನ ಲೆಕ್ಕಾಚಾರವೇ ಆಗಿತ್ತು ಎನ್ನುತ್ತೇನೆ. ಹೇಳಿ ಹೇಳಿ ನನಗೂ ಹಾಗೆಯೇ ನೆನಪಾಗುತ್ತಿದೆ. ತುಂಬಾ ಓರಣವಾದ ನೆನಪು, ಸರಿಯಾಗಿ ನೂರು.