ಎರಡೂ ಕಡೆ ಮಿನುಗಿದ ಪೈಲಟ್ ಗಾಡಿ

ಕ್ರಮ ತಪ್ಪದೆ ಬದುಕುವವರಿಗೆ ಒಂದು ತೊಂದರೆ ಇದೆ. ಅವರು ಮಾಡುವ ತಪ್ಪು ಕೂಡ ಕ್ರಮಬದ್ಧವಾಗಿಯೇ ನಡೆಯುತ್ತದೆ. ಅಡ್ಡಾದಿಡ್ಡಿ ಮನುಷ್ಯ ಎಡವಿದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮಂಥವರಿಗೆ ಗೊತ್ತಾಗುವ ಹೊತ್ತಿಗೆ ಮೈಲಿಗಟ್ಟಲೆ ದಾರಿ ಸಾಗಿರುತ್ತದೆ, ಅದೂ ಎದೆ ಸೆಟೆಸಿಕೊಂಡು. ಪೊಲೀಸ್ ಇಲಾಖೆ ನನ್ನನ್ನು ಹೀಗೆ ಮಾಡಿತೆಂದು ಅನೇಕರು ತಿಳಿದಿದ್ದಾರೆ. ಇಲ್ಲ, ನಾನು ಹೀಗಿದ್ದುದರಿಂದಲೇ ಇಲಾಖೆ ನನಗೆ ಹಿಡಿಸಿತು. ಮದುವೆಯಾದ ಹೊಸದರಲ್ಲಿ, ನಾನು ಚಪ್ಪಲಿಗಳನ್ನು ಗೋಡೆಗೆ ನೇರವಾಗಿ ಜೋಡಿಸಿಡುವುದನ್ನು ನೋಡಿ ನನ್ನ ಹೆಂಡತಿ, "ಅವಕ್ಕೂ ಪೆರೇಡ್ ಮಾಡಿಸ್ತೀರಾ?" ಎಂದು ಕೇಳಿದ್ದಳು. ಅವಳ ಚಪ್ಪಲಿ ಸ್ವಲ್ಪ ಸೊಟ್ಟಗಿತ್ತು. ಉತ್ತರ ಕೊಡುವ ಮೊದಲು ಅದನ್ನೂ ಸರಿಮಾಡಿದೆ.

ಎಪ್ಪತ್ತರ ದಶಕದಲ್ಲಿ ನಾನು ನೆಲಮಂಗಲದ ಕಡೆಯ ಒಂದು ಠಾಣೆಯಲ್ಲಿ ಹೊಸ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಡಿವೈಎಸ್ಪಿ ಸಾಹೇಬರು "ಆಗಬಹುದು" ಎಂದರೆ ಕಾಯಂ, "ಊಹೂಂ" ಎಂದರೆ ಮನೆಗೆ. ಮನೆಯಲ್ಲಿ, ಪೊಲೀಸ್ ಕೆಲಸ ಬೇಡವೆಂದು ಮೊದಲೇ ಹೇಳಿದ್ದ ಅಪ್ಪ ಇದ್ದರು. "ನಾನ್ ಹೇಳ್ಲಿಲ್ವಾ" ಎನ್ನುವ ಅವಕಾಶವನ್ನು ಅವರು ಜೀವನದಲ್ಲಿ ಒಮ್ಮೆಯೂ ಕಳೆದುಕೊಂಡವರಲ್ಲ. ಇಂಥ ಹೊತ್ತಿನಲ್ಲಿ ನನ್ನ ಭವಿಷ್ಯ ಠಾಣೆಯ ಹಳೆಯ ಮೋಟಾರ್ ಸೈಕಲ್ಲಿನ ಮೇಲೆ ಕೂತಿತ್ತು. ಅದರ ಬ್ಯಾಟರಿಗೆ ವಯಸ್ಸಾಗಿತ್ತು. ದೀಪ ಹಚ್ಚಿದರೆ ಹಾರನ್ನಿಗೆ ಶೀತವಾಗುತ್ತಿತ್ತು, ಹಾರನ್ ಒತ್ತಿದರೆ ದೀಪಕ್ಕೆ ಮಂಪರು ಬರುತ್ತಿತ್ತು. ಹೇಗೋ ಮುಂದೆರಡು ಹಿಂದೆರಡು ಇಂಡಿಕೇಟರ್ ದೀಪ ಹಾಕಿಸಿದ್ದರು. ಎಡಕ್ಕೆ ತಿರುಗುವಾಗ ಎಡಗಡೆಯವು, ಬಲಕ್ಕೆ ತಿರುಗುವಾಗ ಬಲಗಡೆಯವು ಮಿನುಗುತ್ತಿದ್ದವು. ಆ ವಯಸ್ಸಿನ ಗಾಡಿಗೆ ಅದೇ ಹೆಚ್ಚು.

ಆಗ ಮೇಲಿನಿಂದ ಆಜ್ಞೆ ಬಂತು. ಗಣ್ಯರ ಕಾರಿನ ಮುಂದೆ ಹೋಗುವ ಪೈಲಟ್ ಗಾಡಿಯಲ್ಲಿ ನಾಲ್ಕೂ ದೀಪ ಒಟ್ಟಿಗೆ ಮಿನುಗಬೇಕು, ಎದುರಿಗೆ ಬರುವವರು ಎಚ್ಚೆತ್ತು ಪಕ್ಕಕ್ಕೆ ಸರಿಯಬೇಕು. ಅದಕ್ಕೆ ಬೇಕಾದ ಬೇರೆ ಸ್ವಿಚ್ಚು ಆಮೇಲೆ ಬರುತ್ತದೆ ಎಂದರು. ಸ್ವಿಚ್ಚಿಗಿಂತ ಮೊದಲು ಮಂತ್ರಿಗಳೇ ಬರುವುದು ಗೊತ್ತಾಯಿತು. ತ್ಯಾಮಗೊಂಡ್ಲುವಿನಲ್ಲಿ ಪಶು ಆಸ್ಪತ್ರೆಯ ಹೊಸ ಕಟ್ಟಡ ತೆರೆಯುವುದಿತ್ತು. ಡಿವೈಎಸ್ಪಿ ಸಾಹೇಬರು ನನ್ನನ್ನು ಕರೆದು, "ನೋಡ್ರೀ, ಇದೇ ನಿಮ್ಮ ಪರೀಕ್ಷೆ ಅಂದ್ಕೊಳ್ಳಿ" ಎಂದರು. ನಾನು ಗಾಡಿಯನ್ನು ಮೆಕ್ಯಾನಿಕ್ ಬಾಷಾನ ಬಳಿಗೆ ಒಯ್ದೆ. ಮದುವೆ ಮನೆಗಳಿಗೆ ಬಣ್ಣದ ದೀಪದ ಸರ ಕಟ್ಟುವುದು ಅವನ ಇನ್ನೊಂದು ಕಸುಬು. ನಾಲ್ಕು ದೀಪ ಎಂದಾಗ ಅವನಿಗೆ ನಗು ಬಂತು.

"ಬರೀ ನಾಲ್ಕಾ ಸಾರ್? ನಾನೂರಾದ್ರೂ ಹತ್ತಿಸ್ತೀನಿ."

ಕೆಲಸ ಬೇಗ ಮುಗಿಯಿತು. ಎಡದ ತಂತಿಯನ್ನೂ ಬಲದ ತಂತಿಯನ್ನೂ ಸುಲಿದು, ಒಂದಕ್ಕೊಂದು ಹೊಸೆದು, ಟೇಪು ಸುತ್ತಿದ್ದ.

"ಬೇರೆ ಸ್ವಿಚ್ಚೇ ಬೇಡ ಸಾರ್. ಇರೋ ಸ್ವಿಚ್ಚನ್ನ ಎಡಕ್ಕೆ ತಳ್ಳಿ, ನಾಲ್ಕೂ ಹತ್ತುತ್ತೆ. ಬಲಕ್ಕೆ ತಳ್ಳಿ, ಆಗ್ಲೂ ನಾಲ್ಕೂ ಹತ್ತುತ್ತೆ."

ಈಗ ಈ ಮಾತು ಓದುತ್ತಿರುವ ನಿಮಗೆ ಅದರಲ್ಲಿನ ಎಡವಟ್ಟು ಹೊಳೆದಿರಬಹುದು. ನನಗೆ ಹೊಳೆದದ್ದು ಅದರ ಶಿಸ್ತು. ಎಡಕ್ಕೆ ತಳ್ಳಿದೆ, ನಾಲ್ಕು. ಬಲಕ್ಕೆ ತಳ್ಳಿದೆ, ನಾಲ್ಕು. ಯಾವ ಕಡೆಯೂ ಹೆಚ್ಚಿಲ್ಲ, ಯಾವ ಕಡೆಯೂ ಕಡಿಮೆಯಿಲ್ಲ. ಆಜ್ಞೆಯಲ್ಲಿ ಕೇಳಿದ್ದು ನಾಲ್ಕು ದೀಪ, ಗಾಡಿ ಕೊಟ್ಟದ್ದು ನಾಲ್ಕು ದೀಪ. ದಿನವೂ ಬೆಳಿಗ್ಗೆ ಹಾಜರಿಯಾದ ಮೇಲೆ ಪೇದೆಗಳ ಮುಂದೆ ಹೀಗೆಯೇ ಎರಡೂ ಕಡೆ ತಳ್ಳಿ ನೋಡಿ, "ಸರಿ" ಎಂದು ಗಟ್ಟಿಯಾಗಿ ಹೇಳಿ, ಒಳಗೆ ಹೋಗುತ್ತಿದ್ದೆ. ಗಾಡಿ ಎಂದಾದರೂ ಒಂದು ಕಡೆಗೆ ತಿರುಗಬೇಕಾಗುತ್ತದೆ ಎಂಬುದು ಆಜ್ಞೆಯಲ್ಲಿ ಇರಲಿಲ್ಲ.

ಮಂತ್ರಿಗಳು ಬಂದರು. ಮುಂದೆ ನಾನು, ನನ್ನ ಹಿಂದೆ ಮಂತ್ರಿಗಳ ಕಾರು, ಅದರ ಹಿಂದೆ ಸಾಹೇಬರ ಜೀಪು. ಸ್ವಿಚ್ಚನ್ನು ಬಲಕ್ಕೆ ತಳ್ಳಿಟ್ಟುಕೊಂಡು ಹೊರಟೆ. ನಾಲ್ಕೂ ದೀಪ ಮಿನುಗಿದವು, ಎತ್ತಿನ ಗಾಡಿಗಳು ಸರಿದವು, ಎಮ್ಮೆಗಳು ಸಹ ಒಂದು ಕ್ಷಣ ಯೋಚಿಸಿದವು. ತರಬೇತಿಯಲ್ಲಿ ನಮಗೆ ಕಲಿಸಿದ್ದೆಂದರೆ, ಪೈಲಟ್ ಆದವನು ಹಿಂದೆ ತಿರುಗಿ ನೋಡಕೂಡದು. ಗಾಡಿಗೆ ಇಂಡಿಕೇಟರ್ ಇದ್ದರೆ ಕೈ ಎತ್ತಕೂಡದು. ಕನ್ನಡಿ ಇತ್ತು, ಆದರೆ ಎಂಜಿನ್ನಿನ ನಡುಕಕ್ಕೆ ಅದರಲ್ಲಿ ಇಡೀ ಪ್ರಪಂಚ ಕಲಸಿದ ಹಿಟ್ಟಿನಂತೆ ಕಾಣುತ್ತಿತ್ತು. ದಾರಿ ಕವಲಾಗುವ ಜಾಗ ಬಂತು. ಎಡಕ್ಕೆ ಹೋದರೆ ತ್ಯಾಮಗೊಂಡ್ಲು. ನಿಯಮದ ಪ್ರಕಾರ ಸ್ವಿಚ್ಚನ್ನು ಬಲದಿಂದ ಎಡಕ್ಕೆ ತಳ್ಳಿದೆ. ಹಿಂದಿನವರಿಗೆ ಮೊದಲು ಕಾಣುತ್ತಿದ್ದುದೂ ನಾಲ್ಕು ದೀಪ, ಈಗ ಕಂಡದ್ದೂ ಅದೇ ನಾಲ್ಕು ದೀಪ. ನಾನು ಕೈ ಎತ್ತದೆ, ಕತ್ತು ಹೊರಳಿಸದೆ, ಧೂಳೆಬ್ಬಿಸಿಕೊಂಡು ಎಡಕ್ಕೆ ತಿರುಗಿದೆ.

ತ್ಯಾಮಗೊಂಡ್ಲುವಿನಲ್ಲಿ ನನ್ನ ದೀಪ ಕಂಡದ್ದೇ ತಡ, ವಾಲಗದವರು ಶುರುಮಾಡಿದರು. ಹೆಣ್ಣುಮಕ್ಕಳು ಆರತಿ ಹಿಡಿದು ಮುಂದೆ ಬಂದರು. ಪಂಚಾಯ್ತಿ ಚೇರ್ಮನ್ನರು ಹಾರ ಬಿಡಿಸಿಕೊಂಡು ನನ್ನ ಹಿಂದಕ್ಕೆ ಕತ್ತು ಚಾಚಿದರು.

"ಮಂತ್ರಿಗಳು ಎಲ್ಲಿ ಸಾಹೇಬ್ರೆ?"

"ಹಿಂದ್ಗಡೇನೇ ಇದಾರೆ" ಎಂದು ಸೆಲ್ಯೂಟಿಗೆ ಸಿದ್ಧನಾಗಿ ತಿರುಗಿದೆ. ಹಿಂದೆ ಒಂದು ಖಾಸಗಿ ಬಸ್ಸು ನಿಂತಿತ್ತು. ಅದರ ಕಂಡಕ್ಟರು ಇಳಿದು ಬಂದ.

"ಏನ್ ಸಾರ್, ಕವಲು ದಾರಿಯಿಂದ ಹಾರನ್ ಹೊಡೀತಾನೇ ಇದೀವಿ. ಎಡಕ್ಕೂ ದೀಪ, ಬಲಕ್ಕೂ ದೀಪ. ಯಾವ್ ಕಡೆಯಿಂದ ಮುಂದಕ್ಕೆ ಹೋಗ್ಬೇಕು ನಾವು?"

"ನನ್ನ ಹಿಂದೆ ಇದ್ದ ಕಾರು ಏನಾಯ್ತು?"

"ಅವ್ರು ಕವಲಲ್ಲಿ ನಿಂತ್ಬಿಟ್ರು ಸಾರ್. ನಮ್ಗೆ ಟೈಮಾಗಿತ್ತು, ಬಂದ್ಬಿಟ್ವಿ."

ಬಸ್ಸಿನ ಕಿಟಕಿಯಿಂದ ಒಬ್ಬ ಅಜ್ಜಿ ಆರತಿಯನ್ನು ನೋಡಿ ಕೈಮುಗಿದರು.

ಅಪ್ಪನ "ನಾನ್ ಹೇಳ್ಲಿಲ್ವಾ" ಎಂಬ ಮಾತು ಕಿವಿಯಲ್ಲಿ ಮೊಳಗುತ್ತಿರಲು ಗಾಡಿ ತಿರುಗಿಸಿ, ಕವಲಿಗೆ ಬಂದು, ಇನ್ನೊಂದು ದಾರಿ ಹಿಡಿದೆ. ಸ್ವಲ್ಪ ದೂರದ ಒಂದು ಸಣ್ಣ ಹಳ್ಳಿಯಲ್ಲಿ ಮಂತ್ರಿಗಳು ಹುಣಸೆ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಸುತ್ತ ಇಡೀ ಊರು ನಿಂತು, ಬಸ್ಸು ತಮ್ಮೂರಲ್ಲಿ ನಿಲ್ಲುವುದಿಲ್ಲವೆಂದು ದೂರು ಹೇಳುತ್ತಿತ್ತು. ಮಂತ್ರಿಗಳ ಡ್ರೈವರ್ ನನ್ನನ್ನು ಪಕ್ಕಕ್ಕೆ ಕರೆದ.

"ನೀವು ಎರಡೂ ಕಡೆ ತೋರಿಸಿದ್ರಿ ಸಾರ್, ಧೂಳಲ್ಲಿ ಯಾವ್ ಕಡೆ ಹೋದ್ರೋ ಕಾಣ್ಲಿಲ್ಲ. ನಾನು ರೋಡು ಚೆನ್ನಾಗಿರೋ ಕಡೆ ಬಂದೆ."

ಸಾಹೇಬರು ಜೀಪಿಗೊರಗಿ ನನ್ನನ್ನೇ ದಿಟ್ಟಿಸುತ್ತಿದ್ದರು. ಆ ಕಣ್ಣುಗಳಲ್ಲಿ "ಊಹೂಂ" ಸ್ಪಷ್ಟವಾಗಿ ಬರೆದಿತ್ತು. ಅಷ್ಟರಲ್ಲಿ ಮಂತ್ರಿಗಳು ಲೋಟ ಕೆಳಗಿಟ್ಟರು.

"ಏನ್ರೀ, ಸ್ವಾಗತ ಭಾಷಣ ಇಲ್ಲದ ಊರಿಗೆ ಹೋಗಿ ಎಷ್ಟು ವರ್ಷ ಆಗಿತ್ತು. ಇಲ್ಲಿಗೆ ಕರ್ಕೊಂಡು ಬರೋ ಯೋಚನೆ ಯಾರದ್ದು?"

ನಾನು ನಿಜ ಹೇಳಲು ಬಾಯಿ ತೆರೆದೆ. ಸಾಹೇಬರು ನನಗಿಂತ ವೇಗದವರು.

"ನಮ್ದೇ ಸಾರ್. ಆ ದೀಪದ ಏರ್ಪಾಟೇ ಹಾಗಿದೆ. ಪೈಲಟ್ ನೇರವಾಗಿ ಹೋಗಿ ಅಲ್ಲಿ ಜನರನ್ನ ಸಿದ್ಧ ಮಾಡ್ತಾರೆ, ತಾವು ಈ ಕಡೆ ಬರ್ತೀರಿ. ಈ ಹುಡುಗನೇ ಮಾಡ್ಸಿದ್ದು."

"ಭೇಷ್. ಎಲ್ಲಾ ಠಾಣೆಯಲ್ಲೂ ಹೀಗೇ ಮಾಡ್ಸಿ" ಎಂದು ಮಂತ್ರಿಗಳು ಎದ್ದರು.

ನಾನು ಕಾಯಂ ಆದೆ. ಮಂತ್ರಿಗಳ ಮಾತನ್ನು ತಳ್ಳಿಹಾಕುವಂತಿರಲಿಲ್ಲವಾದ್ದರಿಂದ ಸುತ್ತಲಿನ ಠಾಣೆಗಳ ಹಳೆಯ ಮೋಟಾರ್ ಸೈಕಲ್ಲುಗಳೆಲ್ಲ ಒಂದೊಂದಾಗಿ ಬಾಷಾನ ಬಳಿಗೆ ಬಂದು, ತಂತಿ ಹೊಸೆಸಿಕೊಂಡು ಹೋದವು. ಸವಾರರಿಗೆ ಪಾಠ ಹೇಳುವ ಹೊಣೆಯನ್ನು ಸಾಹೇಬರು ನನಗೇ ಹೊರಿಸಿದರು. ಮೊದಲ ದಿನವೇ, ದೊಡ್ಡಬಳ್ಳಾಪುರದ ಕಡೆಯಿಂದ ಬಂದಿದ್ದ ಒಬ್ಬ ಪೇದೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ ನಿಂತ.

"ಸಾರ್, ಎಡಕ್ಕೆ ತಿರುಗ್ಬೇಕಾದ್ರೆ ಎಡಕ್ಕೆ ತಳ್ಳೋದಾ?"

"ಹೌದು."

"ಬಲಕ್ಕಾದ್ರೆ ಬಲಕ್ಕೆ?"

"ಹೌದು."

"ಹೆಂಗ್ ತಳ್ಳಿದ್ರೂ ನಾಲ್ಕೂ ಹತ್ತುತ್ತಲ್ಲ ಸಾರ್. ಎತ್ಲಾಗೆ ತಿರುಗ್ತೀನಿ ಅಂತ ಹಿಂದಿರೋರಿಗೆ ಹೆಂಗ್ ಗೊತ್ತಾಗುತ್ತೆ?"

ಬುದ್ಧಿವಂತ. ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಸ್ವಲ್ಪ ದೂರದಲ್ಲೇ ಸಾಹೇಬರು ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ಟೋಪಿ ನೇರಮಾಡಿಕೊಂಡೆ.

"ತಿರುಗೋನು ನೀನು ತಾನೇ? ನಿನಗೆ ಗೊತ್ತಿದ್ರೆ ಸಾಕು" ಎಂದೆ.

ಸಾಹೇಬರು ತಲೆದೂಗಿದರು. ಕಾಯಂ ಆದವನು ಆಡಬೇಕಾದ ಮಾತು ನನಗೆ ಅಷ್ಟು ಬೇಗ ಬಂದುಬಿಟ್ಟಿತ್ತು.