ನಮ್ಮ ಮನೆಗೆ ಬಂದ ಸಂಶೋಧಕಿ

ಹೊಸ ಯಂತ್ರ ಕಂಡರೆ ನೀವು ನಾವೆಲ್ಲ ಬೆಲೆ ಕೇಳುತ್ತೇವೆ. ನನ್ನ ತಮ್ಮನ ಮಗಳು ಅದರ ನಡತೆ ವಿಚಾರಿಸುತ್ತಿದ್ದಳು! ಹೆಣ್ಣು ಕೊಡುವ ಮುಂಚೆ ವರನ ನಡತೆ ವಿಚಾರಿಸುತ್ತಾರಲ್ಲ, ಹಾಗೆ.

ತೊಂಬತ್ತರ ಆಸುಪಾಸು. ಹೊಸ ಯಂತ್ರ ಬಂದಾಗ ಯಾವುದು ಸರಿ, ಯಾವುದು ತಪ್ಪು, ಸರಕಾರ ಎಂಥ ಕಾಯ್ದೆ ಮಾಡಬೇಕು ಎಂಬುದು ಧಾರವಾಡದಲ್ಲಿ ಓದುತ್ತಿದ್ದ ಆಕೆಯ ಸಂಶೋಧನೆ. ಇಂಥದ್ದನ್ನೂ ಓದುತ್ತಾರೆಯೇ? ಮ್ಯಾಟ್ರಿಕ್ ಮುಗಿಸಿದ ನನಗಂತೂ ಗೊತ್ತಿರಲಿಲ್ಲ. ಇಬ್ಬರು ಗೆಳತಿಯರೊಡನೆ ಬಂದು, ಮಹಾರಾಷ್ಟ್ರದ ಗಡಿಗೆ ಹತ್ತಿದ ಕೊಗನೊಳ್ಳಿಯ ನಮ್ಮ ಮನೆಯಲ್ಲಿ ಠಿಕಾಣಿ ಹೂಡಿದಳು. ಗೆಳತಿಯರಲ್ಲಿ ಒಬ್ಬಾಕೆ ಬರೆಯುವವಳು, ಇನ್ನೊಬ್ಬಾಕೆ ತಲೆಯಾಡಿಸುವವಳು.

ಮೊದಲು ಸಿಕ್ಕಿಬಿದ್ದದ್ದು ನನ್ನ ಹೆಂಡತಿಯ ಹೊಸ ಮಿಕ್ಸರ್.

"ದೊಡ್ಡವ್ವಾ, ಇದು ಬಂದ ಮ್ಯಾಲ ಖಾರ ಕುಟ್ಟಾಕ ಬರಾಕಿ ಗತಿ ಏನ?"

"ಚಿಂತಿ ಮಾಡಬ್ಯಾಡವ್ವ. ನಮ್ಮೂರ ಕರೆಂಟ ಹಿಂಗ ಇರೂತನಾ ಆಕೀ ನೌಕರಿ ಪರ್ಮನೆಂಟ!"

ಎಮ್ಮೆಗೆ ಕೋಣದ ಬದಲು ಇಂಜೆಕ್ಷನ್ ಮಾಡಿಸುವುದು ಆಗ ಹೊಸದು. ದನ ಕಾಯುವವನನ್ನು ಹಿಡಿದು, "ಎಮ್ಮಿ ಒಪ್ಪಿಗಿ ಕೇಳೀಯೇನಪಾ?" ಎಂದಳು.

"ಕೇಳೇನ್ರಿ ಅಕ್ಕಾರ. ಆದ್ರ ಅದು ಗಡಿ ಆಚಿ ಕಾಗಲದಿಂದ ತಂದ ಎಮ್ಮಿ. ಕನ್ನಡಾಗ ಮಾತಾಡೂದಿಲ್ಲ!"

ಊರು ಒಂದು ವಾರ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆ ದಿನಗಳಲ್ಲಿ ಹೊಟ್ಟೆಯೊಳಗಿನ ಕೂಸು ಗಂಡೋ ಹೆಣ್ಣೋ ಎಂದು ಯಂತ್ರದಿಂದ ನೋಡಿ ಹೇಳಬಾರದೆಂದು ಮಹಾರಾಷ್ಟ್ರದಲ್ಲಿ ಕಾಯ್ದೆ ಬಂದಿತ್ತು. ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಪರಿಣಾಮ? ನಮ್ಮ ಮನೆಗೆ ಆ ಕಡೆಯ ಬೀಗರ ದಂಡು! ಮದುವೆಗೆ ಕರೆಯದವರೂ ಬಸುರಿ ಸೊಸೆಯನ್ನು ಕಟ್ಟಿಕೊಂಡು ಬಂದರು. ನಾನು ಅವರನ್ನು ಪರಿಚಯದ ಡಾಕ್ಟರ ಹತ್ತಿರ ಒಯ್ದು ತೋರಿಸಿ, ಚಹಾ ಕುಡಿಸಿ, ಬಸ್ಸು ಹತ್ತಿಸುತ್ತಿದ್ದೆ. "ಪಾವ್ಣೆ, ದೇವಮಾಣೂಸ ತುಮ್ಹಿ!" ಎಂದು ಕೈಮುಗಿದು ಹೋಗುತ್ತಿದ್ದರು. ದೇವರಂಥ ಮನುಷ್ಯನಂತೆ, ನಾನು!

ಹುಡುಗಿ ಪಡಸಾಲೆಯಲ್ಲಿ ಎಲ್ಲರೆದುರು ಕೇಳಿದಳು: "ದೊಡ್ಡಪ್ಪಾ, ಗಡಿ ನಾಕಾದ ಆ ಕಡೆ ತಪ್ಪು ಇದ್ದದ್ದು ಈ ಕಡೆ ಬಂದ ಕೂಡ್ಲೇ ಹೆಂಗ ಸರಿ ಆಕ್ಕೈತ್ರಿ?"

"ನಾಕಾದಾಗ ಸೆರೆ ಬಾಟ್ಲಿ ಅಷ್ಟ ತಪಾಸ ಮಾಡ್ತಾರವ್ವ. ಪಾಪ ತಪಾಸ ಮಾಡೂದಿಲ್ಲ."

ಪಡಸಾಲೆಯೆಲ್ಲ ನಕ್ಕಿತು. ತಲೆಯಾಡಿಸುವ ಗೆಳತಿ ಕೂಡ ಆವತ್ತು ತಲೆಯಾಡಿಸಲಿಲ್ಲ.

ಮುಂದಿನ ವಾರ ನನ್ನ ಮಗಳೇ ಬಂದಳು. ಆಕೆಯನ್ನೂ ಆ ಕಡೆಗೇ ಕೊಟ್ಟಿದ್ದೆ. ಎರಡು ಹೆಣ್ಣು ಮಕ್ಕಳಾಗಿದ್ದವು, ಇದು ಮೂರನೆಯ ಬಸುರು. ಇದೂ ಹೆಣ್ಣಾದರೆ ತಿರುಗಿ ಕರೆಸಿಕೊಳ್ಳುವುದಿಲ್ಲ ಎಂದು ಬೀಗತಿ ಹೇಳಿ ಕಳಿಸಿದ್ದಳು. ತವರೆಂದರೆ ಹೆಣ್ಣುಮಕ್ಕಳು ದಣಿವಾರಿಸಿಕೊಳ್ಳುವ ಜಾಗ. ನನ್ನ ಮಗಳು ಮಾತ್ರ ಯಂತ್ರಕ್ಕೆಂದು ತವರಿಗೆ ಬಂದಳು.

ಜೀಪು ಬಂದು ನಿಂತಾಗ ತಮ್ಮನ ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಏನ ಇದ್ರೂ ಹಡೀತೀನಿ ಅನ್ನಾಕತ್ತಾಳ ಅಕ್ಕ. ಆಕೀನ್ನ ಒಂದ ಮಾತ ಕೇಳ್ರಿ ದೊಡ್ಡಪ್ಪಾ."

"ನೀ ಎಮ್ಮೀನ್ನೂ ಕೇಳಾಕಿ! ಸರಿ ಆಚೆ."

ನನ್ನ ಈ ಚೇಷ್ಟೆಗೆ ಯಾರೂ ನಗಲಿಲ್ಲ. ಮಗಳು ತಲೆ ತಗ್ಗಿಸಿ ಜೀಪು ಹತ್ತಿದಳು. ಎಲ್ಲ ಆಕೆಯ ಸಂಸಾರ ಉಳಿಸಲಿಕ್ಕೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಗಂಡ ಬಿಟ್ಟ ಮಗಳು ಮನೆಯಲ್ಲಿ ಕೂತರೆ ಜನ ನನ್ನನ್ನು ಏನೆನ್ನುತ್ತಾರೋ ಎಂಬ ಹೆದರಿಕೆ ಅದು.

ಹೆಣ್ಣು ಎಂದರು. ಬಸುರು ತೆಗೆಸಿ, ಎರಡು ದಿನ ಬಿಟ್ಟು ಮಗಳನ್ನು ಕರೆದುಕೊಂಡು ಬಂದೆ, ಬರಿಹೊಟ್ಟೆಯಲ್ಲಿ.

ತಮ್ಮನ ಮಗಳು ಈಗ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಉತ್ತರ ತಯಾರಿತ್ತು. ಆಕೆ ನನ್ನತ್ತ ನೋಡಲೂ ಇಲ್ಲ. ನೀರು ಕಾಯಿಸಿದಳು, ಅಕ್ಕನ ತಲೆ ಬಾಚಿದಳು, ಹಾಸಿಗೆ ಹಾಸಿ ಮಲಗಿಸಿದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತೇ ಇದ್ದೆ.

ಹೊತ್ತು ಇಳಿಯುವಾಗ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ತಂದು ನನ್ನ ಮುಂದಿಟ್ಟಳು.

"ಉಣ್ರಿ ದೊಡ್ಡಪ್ಪಾ," ಎಂದಳು. "ಅಕ್ಕ ಒಳಗಿಂದ ಕೇಳಾಕತ್ತಾಳ, ಅಪ್ಪ ಉಂಡಾನೇನು ಅಂತ."